ಖಜಾನೆಯಿಂದ ಪರಿಹಾರ ಕೊಟ್ಟ ಖಲೀಫ



ಹಝ್ರತ್ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಅವರ ಸರಳ ಜೀವನದ ಬಗ್ಗೆ ನಾವು ಬಯಾನ್‌ಗಳಲ್ಲಿ ಕೇಳುತ್ತಲೇ ಇರುತ್ತೇವೆ. ಲೆಕ್ಕ ಬರೆಯುವ ಕೆಲಸದವನಾದ ನನ್ನ ಮನಸ್ಸಿಗೆ ತಟ್ಟಿದ್ದು ಅವರ ಬದುಕಿನ ಇನ್ನೊಂದು ಸಂಗತಿ. ಸರ್ಕಾರ ನೇಮಿಸಿದವನು ಜನರಿಗೆ ಅನ್ಯಾಯ ಮಾಡಿದರೆ ಹೊಣೆ ಯಾರದು? ಈ ಪ್ರಶ್ನೆಗೆ ಅವರು ಬಾಯಿ ಮಾತಿನಲ್ಲಲ್ಲ, ಹಣ ಎಣಿಸಿ ಉತ್ತರ ಕೊಟ್ಟರು.

ಅವರು ಉಮಯ್ಯಾ ಮನೆತನದವರು. ತಾಯಿಯ ಕಡೆಯಿಂದ ಎರಡನೇ ಖಲೀಫ ಹಝ್ರತ್ ಉಮರ್(ರ) ಅವರ ವಂಶದವರು. ವಿದ್ಯೆ ಕಲಿತದ್ದು ಮದೀನಾದಲ್ಲಿ. ಕ್ರಿ.ಶ. 706ರಲ್ಲಿ ಖಲೀಫ ವಲೀದ್‌ರಿಂದ ಅದೇ ಮದೀನಾದ ಗವರ್ನರ್ ಆಗಿ ನೇಮಕಗೊಂಡರು. ಬಂದ ಕೂಡಲೇ ಊರಿನ ಹತ್ತು ಮಂದಿ ವಿದ್ವಾಂಸರನ್ನು ಕರೆದು, ಯಾವುದೇ ಅಧಿಕಾರಿ ಅನ್ಯಾಯ ಮಾಡಿದ್ದು ತಿಳಿದರೆ ತನಗೆ ಮುಟ್ಟಿಸಬೇಕೆಂದು ಕೇಳಿಕೊಂಡರು.

ಆದರೆ ಒಂದು ದೊಡ್ಡ ತಪ್ಪು ಅವರ ಕೈಯಿಂದಲೇ ಆಯಿತು. ಖುಬೈಬ್ ಬಿನ್ ಅಬ್ದುಲ್ಲಾ ಎಂಬವರಿಗೆ ಚಾಟಿಯೇಟು ಕೊಡಬೇಕೆಂದು ವಲೀದ್‌ರಿಂದ ಆದೇಶ ಬಂತು. ಉಮರ್ ಅದನ್ನು ಪಾಲಿಸಿದರು. ಚಳಿಯಲ್ಲಿ ತಣ್ಣೀರು ಸುರಿಯಲಾಯಿತು. ಖುಬೈಬ್ ಬದುಕಲಿಲ್ಲ. ಆದೇಶ ಮೇಲಿನಿಂದ ಬಂದದ್ದು ಎಂದು ಉಮರ್ ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ. ಮುಂದೆ ಯಾರಾದರೂ ಹೊಗಳಿದರೆ, ಖುಬೈಬ್ ವಿಷಯದಲ್ಲಿ ನನ್ನ ಗತಿಯೇನು ಎಂದು ಕೊರಗುತ್ತಿದ್ದರಂತೆ. 712ರಲ್ಲಿ ಆ ಹುದ್ದೆ ಹೋಯಿತು, ನೋವು ಹೋಗಲಿಲ್ಲ.

ಕ್ರಿ.ಶ. 717ರಲ್ಲಿ (ಹಿಜ್ರಿ 99) ಅವರೇ ಖಲೀಫರಾದರು. ಮೊದಲು ತನ್ನ ಮನೆಯ ಲೆಕ್ಕ ನೋಡಿದರು. ತನಗೆ ಬಂದಿದ್ದ ಜಮೀನುಗಳನ್ನು ಬಿಟ್ಟುಕೊಟ್ಟರು. ಪತ್ನಿ ಫಾತಿಮಾರ ಒಡವೆ ಬೈತುಲ್‌ಮಾಲ್ ಸೇರಿತು. ಆಮೇಲೆ, ಹಿಂದಿನ ಅಧಿಕಾರಿಗಳು ಕಿತ್ತುಕೊಂಡದ್ದನ್ನೆಲ್ಲ ಜನರಿಗೆ ಹಿಂದಿರುಗಿಸಲು ಇರಾಕಿಗೆ ಪತ್ರ ಹೋಯಿತು. ಕಳೆದುಕೊಂಡವನ ಬಳಿ ಗಟ್ಟಿ ಸಾಕ್ಷಿ ಇಲ್ಲದಿದ್ದರೂ, ಅನ್ಯಾಯವಾದದ್ದು ತಿಳಿದುಬಂದರೆ ಸಾಕಿತ್ತು. ಕೊಟ್ಟು ಕೊಟ್ಟು ಇರಾಕಿನ ಖಜಾನೆ ಬರಿದಾಯಿತು. ಆಗಲೂ ನಿಲ್ಲಿಸಲಿಲ್ಲ, ಶಾಮ್‌ನಿಂದ ಹಣ ಕಳಿಸಿದರು.

ಇಮಾಮ್ ಅಬೂ ಯೂಸುಫ್(ರ) ತಮ್ಮ ಕಿತಾಬುಲ್ ಖರಾಜ್‌ನಲ್ಲಿ ಒಂದು ಘಟನೆ ದಾಖಲಿಸಿದ್ದಾರೆ. ಒಬ್ಬ ರೈತ ಖಲೀಫರ ಬಳಿ ಬಂದ. ಶಾಮ್‌ನ ಸೈನ್ಯ ಅವನ ಹೊಲದ ಮೇಲೆ ಹಾದುಹೋಗಿ ಬೆಳೆ ಹಾಳಾಗಿತ್ತು. ಉಮರ್ ಅವನಿಗೆ 10,000 ದಿರ್‌ಹಮ್ ಪರಿಹಾರ ಕೊಟ್ಟರು. ಸೈನ್ಯ ಸರ್ಕಾರದ್ದಾದರೆ ನಷ್ಟದ ಹೊಣೆಯೂ ಸರ್ಕಾರದ್ದೇ.

ಖುರಾಸಾನ್‌ನಿಂದ ಬಂದ ದೂರು ನಮ್ಮಂಥ ದುಡಿಯುವವರಿಗೆ ಹತ್ತಿರದ್ದು. ಅಲ್ಲಿ ಅರಬರಲ್ಲದ 20,000 ಮುಸ್ಲಿಮರು ಸಂಬಳವೂ ಇಲ್ಲದೆ, ರೇಷನ್ನೂ ಇಲ್ಲದೆ ಸೈನ್ಯದಲ್ಲಿ ದುಡಿಯುತ್ತಿದ್ದರು. ಇಸ್ಲಾಮ್ ಸ್ವೀಕರಿಸಿದವರಿಂದಲೂ ಜಿಝ್ಯಾ ವಸೂಲಿಯಾಗುತ್ತಿತ್ತು. ಉಮರ್ ಆ ವಸೂಲಿ ನಿಲ್ಲಿಸಿದರು. ತಾನೇ ನೇಮಿಸಿದ ಗವರ್ನರ್ ಜರ್ರಾಹ್‌ರನ್ನು ಹುದ್ದೆಯಿಂದ ತೆಗೆದರು.

ಕೇವಲ ಎರಡೂವರೆ ವರ್ಷ ಆಳಿ, ಹಿಜ್ರಿ 101ರ ರಜಬ್‌ನಲ್ಲಿ (ಕ್ರಿ.ಶ. 720) ಅವರು ತೀರಿಕೊಂಡರು. ವಯಸ್ಸು ನಲವತ್ತೂ ಆಗಿರಲಿಲ್ಲ. ಕಬರ್ ಶಾಮ್‌ನ ದೈರ್ ಸಿಮ್‌ಆನ್‌ನಲ್ಲಿದೆ.

ಸಹೋದರರೇ, ನಮ್ಮಲ್ಲಿ ಖಲೀಫರಿಲ್ಲ. ಆದರೆ ಸೂಪರ್‌ವೈಸರ್, ಸ್ಟೋರ್ ಕೀಪರ್, ಟೈಮ್‌ಶೀಟ್ ಬರೆಯುವವರು, ನನ್ನಂತೆ ಸಂಬಳದ ಪಟ್ಟಿ ಮಾಡುವವರು ಇದ್ದೇವೆ. ಒಬ್ಬನ ಓವರ್‌ಟೈಮ್ ಎರಡು ಗಂಟೆ ಕಡಿಮೆ ಬರೆಯಲು ಮೇಲಿನಿಂದ ಮಾತು ಬಂದಾಗ, ಖುಬೈಬ್‌ರನ್ನು ನೆನೆಯೋಣ. ಹೇಳಿದವನೂ ಹೊಣೆ, ಬರೆದವನೂ ಹೊಣೆ. ತಪ್ಪಾಗಿದ್ದರೆ ಈ ರಮಝಾನ್ ಮುಗಿಯುವ ಮುಂಚೆ ಆ ಹಕ್ಕನ್ನು ಹಕ್ಕುದಾರನಿಗೆ ಮುಟ್ಟಿಸೋಣ. ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.