ನವರಂಗಪುರದ ದಾರಿಯಲ್ಲಿ ಸಾರಾಭಾಯ್

ಬೆಳಗಿನ ವಾಕಿಂಗಿಗೆ ಹೊರಟರೆ ಭೌತ ಸಂಶೋಧನಾ ಪ್ರಯೋಗಾಲಯದ ಗೇಟು ನನ್ನ ದಾರಿಯಲ್ಲೇ ಸಿಗುತ್ತದೆ. ಅಹಮದಾಬಾದಿಗೆ ಬಂದ ಹೊಸತರಲ್ಲಿ ಅದನ್ನು ಕಟ್ಟಿದ ವಿಕ್ರಂ ಸಾರಾಭಾಯ್ ಎಂದರೆ ನನಗೆ ರಾಕೆಟ್ಟು, ಇಸ್ರೊ, ಅಷ್ಟೆ. ವಿದ್ಯುತ್ ಸ್ಥಾವರಗಳಿಗೆ ಉಪಕರಣ ತಯಾರಿಸುವ ನಮ್ಮ ಕಸುಬಿಗೂ ಅವರು ಬೇಕಾದವರು ಎಂದು ಗೊತ್ತಾಗಿದ್ದು ತಡವಾಗಿ.

ಒಮ್ಮೆ ಹೊರದೇಶದಿಂದ ಬರಬೇಕಿದ್ದ ಅಂಗೈಯಗಲದ ಸೀಲ್ ಬಾರದೆ ನಮ್ಮ ಕೆಲಸ ತಿಂಗಳುಗಟ್ಟಲೆ ನಿಂತಿತು. ಟನ್ನುಗಟ್ಟಲೆ ತೂಕದ ಯಂತ್ರ ಅಂಗಳದಲ್ಲಿ ಮಳೆಗೆ ನೆನೆಯಿತು. ಆ ದಿನಗಳಲ್ಲೇ ಸಾರಾಭಾಯ್ ಬದುಕನ್ನು ಓದತೊಡಗಿದೆ.

1919ರ ಆಗಸ್ಟ್ 12ರಂದು ಇದೇ ಊರಿನ ಬಟ್ಟೆ ಗಿರಣಿ ಮಾಲೀಕರ ಮನೆಯಲ್ಲಿ ಹುಟ್ಟಿದವರು ಅವರು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಮಹಾಯುದ್ಧ ಶುರುವಾಗಿ ದೇಶಕ್ಕೆ ಮರಳಿದರು. ಆಗ ಆಸರೆಯಾದದ್ದು ನಮ್ಮ ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. 1947ರಲ್ಲಿ ಅಹಮದಾಬಾದಿನಲ್ಲಿ ಪ್ರಯೋಗಾಲಯ ತೆರೆದರು. ಅದೇ ವರ್ಷ ಗಿರಣಿಗಳಿಗಾಗಿ 'ಅಟಿರಾ' ಎಂಬ ಜವಳಿ ಸಂಶೋಧನಾ ಸಂಸ್ಥೆಯೂ ಹುಟ್ಟಿತು. ನೂಲಿನ ಗುಣಮಟ್ಟವನ್ನು ಅಂದಾಜಿನಲ್ಲಲ್ಲ, ಅಳೆದು ತಿಳಿಯಬೇಕು ಎಂಬುದನ್ನು ಗಿರಣಿಗಳಿಗೆ ರೂಢಿ ಮಾಡಿಸಲು ಹೊರಟ ಭೌತವಿಜ್ಞಾನಿ ಅವರು.

1966ರ ಜನವರಿಯಲ್ಲಿ ಹೋಮಿ ಭಾಭಾ ವಿಮಾನ ದುರಂತದಲ್ಲಿ ತೀರಿಕೊಂಡಾಗ ಅಣುಶಕ್ತಿ ಆಯೋಗದ ಹೊಣೆ ಇವರ ಹೆಗಲೇರಿತು. ರಿಯಾಕ್ಟರು ಕೊಂಡು ತಂದರೆ ಸಾಲದು, ಅದನ್ನು ನಡೆಸುವ ಸಲಕರಣೆಯೂ ಇಲ್ಲೇ ತಯಾರಾಗಬೇಕೆಂಬುದು ಅವರ ಹಟ. 1967ರಲ್ಲಿ ಹೈದರಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಹುಟ್ಟಿದ್ದು ಹೀಗೆ. 1970ರಲ್ಲಿ ಅವರು ಮುಂದಿಟ್ಟ ದಶಕದ ಯೋಜನೆಯಲ್ಲಿ 1980ರ ಹೊತ್ತಿಗೆ 2,700 ಮೆಗಾವಾಟ್ ಅಣುವಿದ್ಯುತ್ತಿನ ಗುರಿಯಿತ್ತು. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಅವರು ಕೊನೆಯುಸಿರೆಳೆದಾಗ ವಯಸ್ಸು ಬರೀ 52.

ಆ ಗುರಿ ಈಡೇರಲಿಲ್ಲ. ಅದರ ಕಾಲುಭಾಗವೂ ಆ ಹೊತ್ತಿಗೆ ಕೈಗೂಡಿರಲಿಲ್ಲ. ಕಾಗದದ ಮೇಲೆ ಮೆಗಾವಾಟ್ ಬರೆಯುವುದು ಸುಲಭ, ಉಕ್ಕನ್ನು ಬೆಸೆಯುವ ಕೈಗಳನ್ನು ಪಳಗಿಸುವುದು ಕಷ್ಟ ಎಂಬುದನ್ನು ನಮ್ಮ ಕಸುಬಿನವರು ಚೆನ್ನಾಗಿ ಬಲ್ಲರು. 1974ರ ಪೋಖ್ರಾನ್ ಪರೀಕ್ಷೆಯ ನಂತರ ಕೆನಡಾ ಕೈಬಿಟ್ಟಾಗ ರಾಜಸ್ಥಾನದ ಎರಡನೇ ರಿಯಾಕ್ಟರನ್ನು ನಮ್ಮವರೇ ಮುಗಿಸಬೇಕಾಯಿತು. ಹಾಗೆ ಪೆಟ್ಟು ತಿಂದು ಕಲಿತ ವಿದ್ಯೆಯ ಫಲ ಸೂರತ್ ಕಡೆಯ ಕಾಕ್ರಾಪಾರದಲ್ಲಿದೆ. ದೇಶೀಯ ವಿನ್ಯಾಸದ ಮೊದಲ 700 ಮೆಗಾವಾಟ್ ರಿಯಾಕ್ಟರು 2020ರ ಜುಲೈನಲ್ಲಿ ಅಲ್ಲಿ ಚಾಲೂ ಆಯಿತು. ಹಜೀರಾದ ಎಲ್ ಅಂಡ್ ಟಿ ಕಾರ್ಖಾನೆಯಲ್ಲಿ ಇಂದು ರಿಯಾಕ್ಟರುಗಳ ಭಾರಿ ಭಾಗಗಳು ತಯಾರಾಗುತ್ತವೆ. ಅದೇ ಭಾರಜಲ ಬಳಗದ ನಮ್ಮ ಕೈಗಾದ ಮೊದಲ ಘಟಕ 2018ರ ಕೊನೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತು.

ಇಂಗಾಲ ಕಡಿಮೆ ಮಾಡುವ ಈ ಕಾಲದಲ್ಲಿ ಗುಜರಾತಿನ ಬಯಲುಗಳಲ್ಲೂ ನಮ್ಮ ಪಾವಗಡದಲ್ಲೂ ಸೌರಫಲಕಗಳು ಹರಡಿಕೊಂಡಿವೆ. ಆದರೆ ಅವುಗಳೊಳಗಿನ ಸಿಲಿಕಾನ್ ಬಿಲ್ಲೆಗೆ ನಾವು ಇನ್ನೂ ಹೆಚ್ಚಾಗಿ ಚೀನಾದ ಮುಖ ನೋಡುತ್ತೇವೆ. ಸಾರಾಭಾಯ್ ಹಿಡಿದ ಪ್ರಶ್ನೆ ಹಳತಾಗಿಲ್ಲ.

ಅಂದಹಾಗೆ, ಆ ಸೀಲನ್ನು ಈಗ ವಟ್ವಾದ ಸಣ್ಣ ವರ್ಕ್‌ಶಾಪೊಂದು ಮಾಡಿಕೊಡುತ್ತಿದೆ. ನಾಲ್ಕು ಸಲ ಸೋರಿತು, ಐದನೆಯದು ನಿಂತಿತು. ಮರುದಿನ ಬೆಳಿಗ್ಗೆ ಆ ಗೇಟಿನ ಮುಂದೆ ಒಂದು ಗಳಿಗೆ ನಿಂತು ಮುಂದೆ ನಡೆದೆ.