ಶ್ರೀ ಮಧ್ವಾಚಾರ್ಯರ ಚರಿತ್ರೆ

ಉಡುಪಿಯ ಸಮೀಪದಲ್ಲಿರುವ ಪಾಜಕವೆಂಬ ಗ್ರಾಮದಲ್ಲಿ ಮಧ್ಯಗೇಹ ಭಟ್ಟರೆಂಬ ತುಳುವ ಬ್ರಾಹ್ಮಣರಿಗೂ ಅವರ ಪತ್ನಿಯಾದ ವೇದವತಿಗೂ ಒಬ್ಬ ಮಗನು ಹುಟ್ಟಿದನು. ಅವನಿಗೆ ವಾಸುದೇವನೆಂದು ಹೆಸರಿಟ್ಟರು. ಈ ಬಾಲಕನೇ ಮುಂದೆ ಮಧ್ವಾಚಾರ್ಯರೆಂದು ಪ್ರಸಿದ್ಧಿಗೆ ಬಂದನು. ಅವರ ಕಾಲವು 1238ರಿಂದ 1317ರ ವರೆಗೆ ಎಂದು ಅನೇಕ ಪಂಡಿತರು ಎಣಿಸುತ್ತಾರೆ. ನಾರಾಯಣ ಪಂಡಿತಾಚಾರ್ಯರು ರಚಿಸಿದ ಸುಮಧ್ವವಿಜಯವೆಂಬ ಸಂಸ್ಕೃತ ಕಾವ್ಯವೇ ಅವರ ಚರಿತ್ರೆಗೆ ಮುಖ್ಯ ಆಧಾರವು. ಅದರಲ್ಲಿ ಹೇಳಿರುವ ಅದ್ಭುತಗಳನ್ನು ಬಿಟ್ಟು, ಅವರ ಉಪದೇಶಕ್ಕೆ ಸಂಬಂಧಪಟ್ಟವುಗಳನ್ನು ಮಾತ್ರ ನಾವು ಇಲ್ಲಿ ಹೇಳುವೆವು.

ವಾಸುದೇವನು ಎಳೆಯ ಪ್ರಾಯದಲ್ಲಿಯೇ ಸನ್ಯಾಸಿಯಾಗಲಪೇಕ್ಷಿಸಿದಾಗ ತಂದೆತಾಯಿಗಳು ಬಹಳವಾಗಿ ದುಃಖಿಸಿದರು. ಆದದರಿಂದ ತಮ್ಮನೊಬ್ಬನು ಹುಟ್ಟುವ ವರೆಗೆ ಅವನು ತಾಳಿಕೊಂಡಿದ್ದು, ಆಮೇಲೆ ಅಚ್ಯುತಪ್ರೇಕ್ಷರಿಂದ ಸನ್ಯಾಸವನ್ನು ಹೊಂದಿದನು. ಆ ಗುರುಗಳು ಅದ್ವೈತಶಾಸ್ತ್ರವನ್ನು ಕಲಿಸುವವರು. ಬ್ರಹ್ಮವೊಂದೇ ಸತ್ಯ, ಲೋಕವು ಅಜ್ಞಾನದಿಂದ ತೋರುವಂಥಾದ್ದು, ಜೀವನು ನಿಜವಾಗಿ ಬ್ರಹ್ಮವೇ ಎಂಬದು ಆ ಶಾಸ್ತ್ರದ ಸಾರವು. ಪಾಠಕ್ಕೆ ಇಷ್ಟಸಿದ್ಧಿಯೆಂಬ ಗ್ರಂಥವನ್ನು ತೆಗೆದಾಗ ಶಿಷ್ಯನು ಅದರ ಮೊದಲನೆಯ ಶ್ಲೋಕದಲ್ಲಿಯೇ 32 ದೋಷಗಳನ್ನು ತೋರಿಸಿದನೆಂದು ಹೇಳುತ್ತಾರೆ. ಗುರುಗಳು ಬಹುಕಾಲ ವಾದಿಸಿ ಕಡೆಗೆ ಶಿಷ್ಯನ ಮತವನ್ನೇ ಅಂಗೀಕರಿಸಿದರು.

ಅವರ ತರ್ಕವು ಸಾಮಾನ್ಯ ಜನರಿಗೂ ತಿಳಿಯತಕ್ಕದ್ದೇ. ಬ್ರಹ್ಮವಲ್ಲದೆ ಬೇರೇನೂ ಇಲ್ಲದಿದ್ದರೆ ಅಜ್ಞಾನವು ಯಾರದು? ಬ್ರಹ್ಮದ್ದೇ ಎಂದರೆ ಬ್ರಹ್ಮವು ಸರ್ವಜ್ಞವಲ್ಲ. ಇನ್ನೊಬ್ಬರದು ಎಂದರೆ ಆಗಲೇ ಇಬ್ಬರಾದರು. ಅಲ್ಲದೆ ತಾನು ಅಲ್ಪನು, ದುಃಖಿಯು ಎಂದು ಪ್ರತಿಯೊಬ್ಬನೂ ತನ್ನೊಳಗೆ ಅರಿತಿದ್ದಾನೆ. ಜ್ವರದಲ್ಲಿ ಬಿದ್ದವನು ತಾನೇ ವೈದ್ಯನೆಂದು ಹೇಳಿಕೊಂಡರೆ ಜ್ವರವು ಬಿಟ್ಟೀತೇ? ದೇವರೊಬ್ಬನೇ ಸ್ವತಂತ್ರನು, ಜೀವರೂ ಜಡವಸ್ತುಗಳೂ ಸತ್ಯವಾಗಿದ್ದರೂ ಆತನಿಗೆ ಅಧೀನವಾಗಿವೆ ಎಂದು ಅವರು ಬೋಧಿಸಿದರು. ದೇವರಿಗೂ ಜೀವನಿಗೂ, ದೇವರಿಗೂ ಜಡಕ್ಕೂ, ಜೀವನಿಗೂ ಜಡಕ್ಕೂ, ಜೀವಜೀವರೊಳಗೂ, ಜಡಜಡಗಳೊಳಗೂ ಇರುವ ಐದು ಭೇದಗಳು ಎಂದಿಗೂ ಅಳಿಯವು. ಮೋಕ್ಷದಲ್ಲಿಯೂ ಜೀವನು ದೇವರಾಗುವದಿಲ್ಲ. ಆತನ ದಾಸನಾಗಿಯೇ ಆನಂದಪಡುತ್ತಾನೆ. ಅದು ಸ್ವಪ್ರಯತ್ನದಿಂದಲ್ಲ, ಭಕ್ತಿಗೆ ಮೆಚ್ಚಿದ ದೇವರ ಪ್ರಸಾದದಿಂದಲೇ ದೊರೆಯುತ್ತದೆ.

ಅವರು ತೆಂಕಲಲ್ಲಿ ರಾಮೇಶ್ವರದ ವರೆಗೂ ಬಡಗಲಲ್ಲಿ ಬದರಿಯ ವರೆಗೂ ಸಂಚರಿಸಿ ವಾದಗಳನ್ನು ನಡಿಸಿದರು. 37 ಗ್ರಂಥಗಳನ್ನು ರಚಿಸಿದರು. ವಿರೋಧಿಗಳು ಅವರ ಪುಸ್ತಕಗಳನ್ನು ಅಪಹರಿಸಲಾಗಿ, ಕುಂಬಳೆಯ ಅರಸನಾದ ಜಯಸಿಂಹನ ಮೂಲಕ ಅವು ತಿರಿಗಿ ದೊರೆತವು. ಅಲ್ಲಿಯ ಮಹಾಪಂಡಿತರಾದ ತ್ರಿವಿಕ್ರಮ ಪಂಡಿತಾಚಾರ್ಯರು ಸುಮಾರು 15 ದಿನಗಳ ವರೆಗೆ ವಾದಿಸಿ ಕಡೆಗೆ ಶಿಷ್ಯರಾದರು. ಮೇಲೆ ಹೇಳಿದ ಕಾವ್ಯವನ್ನು ಬರೆದವರು ಇವರ ಮಗನೇ. ಯಜ್ಞದಲ್ಲಿ ಪ್ರಾಣಿಗೆ ಬದಲಾಗಿ ಹಿಟ್ಟಿನ ಪಶುವನ್ನು ಉಪಯೋಗಿಸಬೇಕೆಂದು ಮಧ್ವರು ವಿಧಿಸಿದರು. ಉಡುಪಿಯಲ್ಲಿ ಕೃಷ್ಣನ ವಿಗ್ರಹವನ್ನು ಸ್ಥಾಪಿಸಿದರು. ಅದರ ಪೂಜೆಯನ್ನು ಅವರ ಶಿಷ್ಯಪರಂಪರೆಯ ಎಂಟು ಮಠಗಳವರು ಸರದಿಯಂತೆ ಇಂದಿಗೂ ನಡಿಸುತ್ತಾರೆ.

ಕೆಲವು ಜೀವರು ಸ್ವಭಾವದಿಂದಲೇ ನಿತ್ಯಾಂಧಕಾರಕ್ಕೆ ಯೋಗ್ಯರೆಂಬ ಕಠಿಣವಾದ ಮಾತನ್ನೂ ಅವರು ಕಲಿಸಿದರು. ಇದನ್ನು ನೋಡಿ, ಅವರು ಕಲ್ಯಾಣಪುರದ ಕ್ರೈಸ್ತರಿಂದ ಕಲಿತಿರಬಹುದೆಂದು ಕೆಲವು ಐರೋಪ್ಯ ಪಂಡಿತರು ಊಹಿಸಿದರು. ಅದಕ್ಕೆ ತಕ್ಕ ಸಾಕ್ಷಿಯಿಲ್ಲ. ಅವರು ವೇದೋಪನಿಷತ್ತುಗಳನ್ನೂ ಪುರಾಣಗಳನ್ನೂ ಆಧಾರವಾಗಿಟ್ಟುಕೊಂಡು ವಾದಿಸಿದವರು. ನಾವು ಅವರನ್ನು ನಮ್ಮವರೆಂದು ಎಣಿಸುವದು ನ್ಯಾಯವಲ್ಲ.

ಆದರೂ ವಾಚಕರೇ, ಅವರು ಎತ್ತಿದ ಪ್ರಶ್ನೆಯು ದೇವರ ಮುಂದೆ ಮೊಣಕಾಲೂರುವ ಪ್ರತಿಯೊಬ್ಬನಿಗೂ ಸಂಬಂಧಪಟ್ಟದ್ದೇ. ಬೇಡುವವನೂ ಕೊಡುವವನೂ ಒಬ್ಬನೇ ಆದರೆ ಪ್ರಾರ್ಥನೆಯನ್ನು ಕೇಳುವವನು ಯಾರು? ಇದನ್ನು ಮಧ್ವರು ಪಂಡಿತರ ಸಭೆಗಳಲ್ಲಿ ಕೇಳಿದರು. ಅವರ ಮತವನ್ನನುಸರಿಸಿದ ಪುರಂದರದಾಸರೇ ಮೊದಲಾದ ಹರಿದಾಸರು ಅದೇ ದಾಸಭಾವವನ್ನು ಕನ್ನಡದ ಪದಗಳಲ್ಲಿ ಹಾಡಿ, ಸಂಸ್ಕೃತವನ್ನರಿಯದ ಹಳ್ಳಿಯವರ ಕಿವಿಗೂ ಮುಟ್ಟಿಸಿದರು.