ಮೂರು ಒಥೆಲೊ, ಒಂದು ಪಾಸ್‌ಪೋರ್ಟ್

ಫೆಸ್ಟ್‌ಗೆ ನಾಟಕದ ರಿಹರ್ಸಲ್ ನಡೀತಿದ್ದಾಗ ನಮ್ಮ ತಂಡಕ್ಕಿದ್ದ ದೊಡ್ಡ ತಲೆನೋವು ಅಂದ್ರೆ ಸೌಂಡ್. ಸ್ಟೇಜ್ ಮೇಲೆ ನಿಂತವರಿಗೆ ಅವರ ದನಿ ಅವರಿಗೇ ಕೇಳಿಸ್ತಿರಲಿಲ್ಲ, ಹಾಗಾಗಿ ಪ್ರೀತಿಯ ಡೈಲಾಗನ್ನೂ ಜಗಳದ ಥರ ಕಿರುಚಿ ಹೇಳ್ತಿದ್ದರು. ಕೊನೆಗೆ ಒಂದು ಮಾನಿಟರ್ ಸ್ಪೀಕರನ್ನು ನಟರ ಕಡೆಗೆ ತಿರುಗಿಸಿಟ್ಟ ಮೇಲೆ ಸರಿಹೋಯ್ತು. ಈ ಐಡಿಯಾ ಎಲ್ಲಿಂದ ಬಂತು ಅಂತ ರಾತ್ರಿ ಹಾಸ್ಟೆಲಲ್ಲಿ ಕೂತು ಹುಡುಕುತ್ತಾ ಹೋದೆವು. 1940ರ ಸುಮಾರಿಗೆ ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ಅಂದ್ರೆ ನಮ್ಮ ಥರದ್ದೇ ಒಂದು ಎಂಜಿನಿಯರಿಂಗ್ ಕಾಲೇಜಲ್ಲಿ, ಹೆರಾಲ್ಡ್ ಬರಿಸ್-ಮೇಯರ್ ಎಂಬವರು ಹಾಡುವವರಿಗೆ ಅವರದೇ ದನಿಯನ್ನು ವೇದಿಕೆ ಮೇಲೆ ವಾಪಸ್ ಕೇಳಿಸುವ ವ್ಯವಸ್ಥೆಯೊಂದನ್ನು ರೂಪಿಸಿದ್ದರು. ಯಾರಿಗಾಗಿ ಅಂತ ನೋಡಿದ್ರೆ, ಪಾಲ್ ರೋಬ್ಸನ್ ಎಂಬ ನಟ-ಗಾಯಕನಿಗಾಗಿ. ಆ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಾನಿಟರ್ ವಿಷಯ ಅಲ್ಲಿಗೇ ಬಿಟ್ಟು ಅವರ ಕತೆ ಓದೋಕೆ ಶುರುಮಾಡಿದೆವು.

ರೋಬ್ಸನ್ ಹುಟ್ಟಿದ್ದು 1898ರ ಏಪ್ರಿಲ್ 9ರಂದು, ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ. ಅಪ್ಪ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಓದಿ, ಚರ್ಚಿನ ಪಾದ್ರಿಯಾದವರು. ಅಮ್ಮ ಮನೆಯಲ್ಲೇ ಬೆಂಕಿ ತಗುಲಿ ತೀರಿಕೊಂಡಾಗ ಹುಡುಗನಿಗೆ ಇನ್ನೂ ಆರು ವರ್ಷ ತುಂಬಿರಲಿಲ್ಲ. 1915ರಲ್ಲಿ ಸ್ಕಾಲರ್‌ಷಿಪ್ ಮೇಲೆ ರಟ್ಗರ್ಸ್ ಕಾಲೇಜು ಸೇರಿದರು. ಆ ಕಾಲೇಜಿನ ಇತಿಹಾಸದಲ್ಲೇ ಅವರು ಮೂರನೇ ಕಪ್ಪು ವಿದ್ಯಾರ್ಥಿ. ಫುಟ್‌ಬಾಲ್ ಟೀಮಲ್ಲಿ ದೇಶಕ್ಕೇ ಹೆಸರಾದರು, ಓದಿನಲ್ಲೂ ಮುಂದಿದ್ದು 1919ರಲ್ಲಿ ತಮ್ಮ ಬ್ಯಾಚಿನ ಪರವಾಗಿ ಘಟಿಕೋತ್ಸವದಲ್ಲಿ ಭಾಷಣ ಮಾಡಿದರು. ಬ್ಯಾಕ್‌ಲಾಗ್ ಲೆಕ್ಕ ಹಾಕ್ತಾ ಕೂತಿರುವ ನಮಗೆ ಇದನ್ನೆಲ್ಲ ಓದೋದೇ ಒಂಥರಾ ಹಿಂಸೆ.

ಆಮೇಲೆ ಕೊಲಂಬಿಯಾದಲ್ಲಿ ಲಾ ಡಿಗ್ರಿ, ನ್ಯೂಯಾರ್ಕಿನ ಒಂದು ವಕೀಲರ ಆಫೀಸಲ್ಲಿ ಕೆಲಸ. ಅಲ್ಲಿ ಬಿಳಿ ಸ್ಟೆನೋಗ್ರಾಫರ್ ಒಬ್ಬಳು ಕಪ್ಪು ಮನುಷ್ಯ ಹೇಳಿದ್ದನ್ನು ಬರೆದುಕೊಳ್ಳಲು ಒಪ್ಪಲಿಲ್ಲ. ರೋಬ್ಸನ್ ವಕೀಲಿ ಬಿಟ್ಟು ಹೊರಟರು. ಕೈಲಿದ್ದ ಇನ್ನೊಂದು ದಾರಿ ನಾಟಕ. ಹೆಂಡತಿ ಎಸ್ಲಾಂಡಾ ಆಸ್ಪತ್ರೆಯ ಲ್ಯಾಬಲ್ಲಿ ದುಡಿಯುತ್ತಿದ್ದರು, ನಟನೆಗೆ ಹೋಗಲು ಒತ್ತಾಯ ಮಾಡಿದ್ದೂ ಅವರೇ.

1924ರಲ್ಲಿ ಯೂಜೀನ್ ಓನೀಲ್ ಬರೆದ ಹೊಸ ನಾಟಕದಲ್ಲಿ ಮುಖ್ಯ ಪಾತ್ರ ಸಿಕ್ಕಿತು. ಬಿಳಿ ಹುಡುಗಿಯನ್ನು ಮದುವೆಯಾದ, ವಕೀಲಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗುವ ಕಪ್ಪು ಯುವಕನ ಪಾತ್ರ. ಅದರಲ್ಲಿ ಬಿಳಿ ನಟಿ ರೋಬ್ಸನ್ ಕೈಗೆ ಮುತ್ತಿಡುತ್ತಾಳೆ ಅನ್ನೋ ಸುದ್ದಿ ಹಬ್ಬಿ, ಪರದೆ ಏಳುವ ಮೊದಲೇ ಬೆದರಿಕೆ ಪತ್ರಗಳು ಬಂದವು. ಮೊದಲ ದೃಶ್ಯದಲ್ಲಿ ಕಪ್ಪು-ಬಿಳಿ ಮಕ್ಕಳು ಒಟ್ಟಿಗೆ ಆಡಬೇಕಿತ್ತು. ಬಾಲನಟರಿಗೆ ನಗರಾಡಳಿತ ಪರ್ಮಿಷನ್ನೇ ಕೊಡಲಿಲ್ಲ. ನಿರ್ದೇಶಕರು ಏನು ಮಾಡಿದ್ರು ಗೊತ್ತಾ? ಆ ದೃಶ್ಯವನ್ನು ತಾವೇ ಸಭಿಕರಿಗೆ ಓದಿ ಹೇಳಿ, ಎರಡನೇ ದೃಶ್ಯದಿಂದ ನಾಟಕ ಆಡಿಸಿದರು.

ಈಗ ಒಥೆಲೊ ವಿಷಯ. ಶೇಕ್ಸ್‌ಪಿಯರ್ ಓದದವರು ಓಂಕಾರ ಸಿನಿಮಾ ನೆನಪಿಸಿಕೊಳ್ಳಿ, ಕತೆ ಅದೇ. ಒಥೆಲೊ ಕಪ್ಪು ಸೇನಾಪತಿ, ಅವನ ಹೆಂಡತಿ ಡೆಸ್ಡೆಮೋನಾ ಬಿಳಿಯಳು. ಆದರೆ ದೊಡ್ಡ ದೊಡ್ಡ ರಂಗಮಂದಿರಗಳಲ್ಲಿ ಆ ಪಾತ್ರ ಮಾಡುತ್ತಿದ್ದವರು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿ ನಟರು. ಆಟ ಮುಗಿದ ಮೇಲೆ ಒರೆಸಿಕೊಂಡರೆ ಆಯ್ತು. ರೋಬ್ಸನ್‌ಗೆ ಒರೆಸಿಕೊಳ್ಳೋಕೆ ಏನೂ ಇರಲಿಲ್ಲ. ಆಟ ಮುಗಿಸಿ ರಸ್ತೆಗಿಳಿದರೂ ಅದೇ ಮೈಬಣ್ಣ, ಅದೇ ನೋಟಗಳು.

ಮೊದಲ ಒಥೆಲೊ 1930ರಲ್ಲಿ, ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ. ಡೆಸ್ಡೆಮೋನಾ ಆಗಿದ್ದು ಪೆಗ್ಗಿ ಆಶ್‌ಕ್ರಾಫ್ಟ್. ಅಮೆರಿಕದಲ್ಲಿ ಹುಟ್ಟಿ, 19ನೇ ಶತಮಾನದ ಯುರೋಪಿನಲ್ಲಿ ಒಥೆಲೊ ಆಗಿ ಮೆರೆದ ಕಪ್ಪು ನಟ ಐರಾ ಆಲ್ಡ್ರಿಜ್ ಅವರ ಮಗಳು ಆಗ ಲಂಡನ್ನಿನಲ್ಲೇ ಇದ್ದರು. ಅವರೇ ರೋಬ್ಸನ್‌ಗೆ ಮಾತಿನ ಪಾಠ ಹೇಳಿಕೊಟ್ಟರು. ಆಗ ರೋಬ್ಸನ್‌ಗೆ 32 ವರ್ಷ. ಸ್ವಂತ ದೇಶದಲ್ಲಿ ಇದೇ ಪಾತ್ರ ಮಾಡೋಕೆ ಇನ್ನೂ 12 ವರ್ಷ ಕಾಯಬೇಕಾಯ್ತು.

ಅಮೆರಿಕದಲ್ಲಿ ನಿರ್ದೇಶಕಿ ಮಾರ್ಗರೆಟ್ ವೆಬ್‌ಸ್ಟರ್ ಮುಂದೆ ಬಂದರೂ ದುಡ್ಡು ಹಾಕುವವರು ಸುಲಭಕ್ಕೆ ಸಿಗಲಿಲ್ಲ. 1942ರ ಬೇಸಿಗೆಯಲ್ಲಿ ಮೊದಲು ಹಾರ್ವರ್ಡ್ ಇರುವ ಕೇಂಬ್ರಿಜ್‌ನಲ್ಲಿ, ಆಮೇಲೆ ಪ್ರಿನ್ಸ್‌ಟನ್‌ನಲ್ಲಿ, ಅಂದ್ರೆ ಅವರು ಹುಟ್ಟಿದ ಊರಲ್ಲೇ, ಪ್ರಯೋಗಕ್ಕೆ ಅಂತ ಆಡಿ ನೋಡಿದರು. ಜನ ಎದ್ದು ಹೋಗಲಿಲ್ಲ, ಗಲಾಟೆ ಆಗಲಿಲ್ಲ, ಚಪ್ಪಾಳೆ ನಿಲ್ಲಲಿಲ್ಲ. 1943ರ ಅಕ್ಟೋಬರ್ 19ರಂದು ಬ್ರಾಡ್‌ವೇಯ ಶೂಬರ್ಟ್ ಥಿಯೇಟರಿನಲ್ಲಿ ಪರದೆ ಎದ್ದಿತು. ಯೂಟಾ ಹಾಗೆನ್ ಡೆಸ್ಡೆಮೋನಾ, ಹೊಸೆ ಫೆರರ್ ಇಯಾಗೊ. ಬ್ರಾಡ್‌ವೇಯಲ್ಲಿ ಬಿಳಿ ನಟರ ತಂಡದ ನಡುವೆ ಕಪ್ಪು ನಟನೊಬ್ಬ ಒಥೆಲೊ ಆಗಿದ್ದು ಅದೇ ಮೊದಲು. ಒಟ್ಟು 296 ಪ್ರದರ್ಶನ. ಅಷ್ಟು ದಿನ ಅಲ್ಲಿ ಶೇಕ್ಸ್‌ಪಿಯರ್‌ನ ಯಾವ ನಾಟಕವೂ ಓಡಿರಲಿಲ್ಲ. ಆಮೇಲೆ ಊರೂರು ತಿರುಗಿದರು. ಕಪ್ಪುಜನರಿಗೆ ಬೇರೆ ಸೀಟು ಇಡುವ ಥಿಯೇಟರಲ್ಲಿ ಆಡಲ್ಲ ಅನ್ನೋದು ಷರತ್ತು. ಇದು ಎರಡನೇ ಮಹಾಯುದ್ಧದ ಕಾಲ, ಅಮೆರಿಕದ ಸೈನ್ಯದಲ್ಲೇ ಕಪ್ಪು ಸೈನಿಕರನ್ನು ಬೇರೆ ತುಕಡಿಗಳಲ್ಲಿ ಇಡ್ತಿದ್ದರು ಅನ್ನೋದು ನೆನಪಿರಲಿ.

ಇಲ್ಲಿಂದ ಮುಂದೆ ಇನ್ನೂ ದೊಡ್ಡ ನಾಟಕಗಳು ಬರಬೇಕಿತ್ತು ಅಲ್ವಾ? ಬರಲಿಲ್ಲ. ರೋಬ್ಸನ್ ಕಾರ್ಮಿಕ ಸಂಘಗಳ ಪರ, ವಸಾಹತುಗಳ ಸ್ವಾತಂತ್ರ್ಯದ ಪರ, ಸೋವಿಯತ್ ಒಕ್ಕೂಟದ ಪರ ಬಹಿರಂಗವಾಗಿ ಮಾತಾಡುತ್ತಿದ್ದರು. ಯುದ್ಧ ಮುಗಿದದ್ದೇ ತಡ, ಅದೇ ಅಪರಾಧ ಆಯ್ತು. 1949ರಲ್ಲಿ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಅವರಾಡಿದ ಮಾತು ತಿರುಚಿಕೊಂಡು ಪತ್ರಿಕೆಗಳಿಗೆ ಬಂತು. ಕಛೇರಿಗಳು ಸಾಲುಸಾಲಾಗಿ ರದ್ದಾದವು. ಪೀಕ್‌ಸ್ಕಿಲ್ ಎಂಬ ಊರಲ್ಲಿ ಅವರ ಹಾಡು ಕೇಳಲು ಬಂದವರ ಮೇಲೆ ಕಲ್ಲು ತೂರಾಟ ಆಯ್ತು. 1950ರಲ್ಲಿ ಸರ್ಕಾರ ಪಾಸ್‌ಪೋರ್ಟನ್ನೇ ರದ್ದು ಮಾಡಿತು. ಒಳಗೆ ಕೆಲಸ ಇಲ್ಲ, ಹೊರಗೆ ಹೋಗುವ ಹಾಗಿಲ್ಲ.

ಒಂದು ಮಾತು ನಾವು ಹೇಳಲೇಬೇಕು. ಸ್ಟಾಲಿನ್ ಆಳ್ವಿಕೆಯ ಕ್ರೌರ್ಯದ ಬಗ್ಗೆ ರೋಬ್ಸನ್ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಇದರ ಬಗ್ಗೆ ನಮ್ಮ ರೂಮಿನಲ್ಲೇ ಜಗಳ ಆಯ್ತು, ಇನ್ನೂ ಮುಗಿದಿಲ್ಲ. ನಮಗೆ ಅದು ತಪ್ಪೇ ಅನ್ನಿಸುತ್ತೆ. ಆದರೆ ಅದಕ್ಕೆ ಒಬ್ಬ ನಟನ ರಂಗಭೂಮಿಯನ್ನೇ ಕಿತ್ತುಕೊಳ್ಳೋದು ಯಾವ ನ್ಯಾಯ?

ಈಗ ಬರೋದು ನಮಗೆ ಅತಿ ಇಷ್ಟವಾದ ಭಾಗ. 1956ರಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಮೊದಲ ಟೆಲಿಫೋನ್ ಕೇಬಲ್ ಶುರುವಾಗಿತ್ತು. ಹೆಸರು ಟ್ಯಾಟ್-1, ಆರಂಭದಲ್ಲಿ 36 ಚಾನೆಲ್. 1957ರ ಮೇ ತಿಂಗಳಲ್ಲಿ ರೋಬ್ಸನ್ ನ್ಯೂಯಾರ್ಕಿನಲ್ಲಿ ಕೂತು ಆ ಕೇಬಲ್ ಮೂಲಕ ಹಾಡಿದರು, ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಟೌನ್ ಹಾಲ್‌ನಲ್ಲಿ ಜನ ಕೂತು ಕೇಳಿದರು. ಅಕ್ಟೋಬರ್‌ನಲ್ಲಿ ಹೀಗೇ ವೇಲ್ಸ್‌ನ ಗಣಿ ಕಾರ್ಮಿಕರಿಗೂ ಹಾಡಿದರು. ಸಾಮಾನ್ಯ ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ ದಾಟಿಸುತ್ತೆ ಅಂತ ನಾವೆಲ್ಲ ಪರೀಕ್ಷೆಗೆ ಉರುಹೊಡೆದಿದ್ದೇವೆ. ರೋಬ್ಸನ್ ಅವರದ್ದು ತಗ್ಗಿನ ದನಿ, ಅವರ ಎಷ್ಟೋ ಸ್ವರಗಳ ಮೂಲ ಆವರ್ತನ 300ಕ್ಕಿಂತ ಕೆಳಗೇ ಇರುತ್ತೆ. ಅಂಥ ಲೈನಲ್ಲಿ ಕೆಳಗಿನದು ಕತ್ತರಿಸಿ ಹೋದರೂ, ಮೇಲಿನ ಹಾರ್ಮೋನಿಕ್ಸ್ ಹಿಡಿದು ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತೆ. ಇದನ್ನು ಓದಿದ ಮೇಲೆ ಬ್ಯಾಂಡ್‌ವಿಡ್ತ್ ಪಾಠ ನಮಗೆ ಮೊದಲಿನಷ್ಟು ಒಣ ಅನ್ನಿಸಲಿಲ್ಲ.

ಭಾರತಕ್ಕೂ ಅವರ ದನಿ ಬೇರೆ ದಾರಿಯಲ್ಲಿ ಬಂತು. ಕೊಲಂಬಿಯಾದಲ್ಲಿ ಓದುತ್ತಿದ್ದ ಭೂಪೇನ್ ಹಜಾರಿಕಾ ರೋಬ್ಸನ್ ಪ್ರಭಾವಕ್ಕೆ ಒಳಗಾಗಿ, ಅವರು ಹಾಡುತ್ತಿದ್ದ ಮಿಸಿಸಿಪ್ಪಿ ನದಿಯ ಹಾಡಿನ ಸ್ಫೂರ್ತಿಯಿಂದ ಅಸ್ಸಾಮಿಯಲ್ಲಿ ಬ್ರಹ್ಮಪುತ್ರದ ಹಾಡು ಕಟ್ಟಿದರು. 1958ರಲ್ಲಿ ರೋಬ್ಸನ್‌ಗೆ 60 ತುಂಬಿದಾಗ ನೆಹರೂ ಬೆಂಬಲದಿಂದ ಇಲ್ಲೂ ಹುಟ್ಟುಹಬ್ಬ ಆಚರಿಸಿದರು.

ಅದೇ ವರ್ಷ ಜೂನ್‌ನಲ್ಲಿ, ರಾಕ್‌ವೆಲ್ ಕೆಂಟ್ ಎಂಬ ಚಿತ್ರಕಾರ ಹೂಡಿದ್ದ ಕೇಸಿನಲ್ಲಿ, ನಂಬಿಕೆಯ ಕಾರಣಕ್ಕೆ ಪಾಸ್‌ಪೋರ್ಟ್ ತಡೆಯುವ ಅಧಿಕಾರ ವಿದೇಶಾಂಗ ಕಾರ್ಯದರ್ಶಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ರೋಬ್ಸನ್‌ಗೂ ಪಾಸ್‌ಪೋರ್ಟ್ ಸಿಕ್ಕಿತು. 1959ರ ಏಪ್ರಿಲ್ 7ರಂದು, 61 ತುಂಬಲು ಎರಡು ದಿನ ಇರುವಾಗ, ಶೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡ್‌ನಲ್ಲಿ ಮೂರನೇ ಸಲ ಒಥೆಲೊ ಆದರು. 45ರಿಂದ 60ರ ತನಕದ ವಯಸ್ಸು, ಒಬ್ಬ ನಟ ಪೂರ್ತಿ ಮಾಗುವ ಕಾಲ, ಅದರಲ್ಲಿ ಬಹುಪಾಲು ಹಾಗೇ ಕಳೆದುಹೋಗಿತ್ತು. ನ್ಯೂಯಾರ್ಕಿನ ನಾಟಕದಲ್ಲಿ ಅವರು ಕಾಣಿಸಿಕೊಂಡಿದ್ದು 1945ರಲ್ಲೇ ಕೊನೆ.

ಮುಂದೆ ಆರೋಗ್ಯ ಕೆಟ್ಟಿತು. ಕೊನೆಯ ವರ್ಷಗಳನ್ನು ಫಿಲಡೆಲ್ಫಿಯಾದಲ್ಲಿ ಅಕ್ಕನ ಮನೆಯಲ್ಲಿ ಕಳೆದರು. 1973ರಲ್ಲಿ 75 ತುಂಬಿದಾಗ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ದೊಡ್ಡ ಸಮಾರಂಭ ಏರ್ಪಾಡಾಯ್ತು. ಅವರು ಬರುವ ಸ್ಥಿತಿಯಲ್ಲಿ ಇರಲಿಲ್ಲ. ದನಿಯನ್ನು ಟೇಪಿನಲ್ಲಿ ಹಿಡಿದು ಕಳಿಸಿದರು, ಸಭಿಕರಿಗೆ ಅದನ್ನೇ ಕೇಳಿಸಿದರು. 1976ರ ಜನವರಿ 23ರಂದು ತೀರಿಕೊಂಡರು.